ಐವಿ ಅಂದಾಜಿಗೆ ಎಕ್ಸೆಲ್, ಸ್ಟಾಟಾ, ಪೈಥಾನ್, ಆರ್: ನನ್ನ ಮತ ಆರ್‌ಗೆ

ಐವಿ ಎಂದರೆ ಇನ್‌ಸ್ಟ್ರುಮೆಂಟಲ್ ವೇರಿಯಬಲ್: ಓದು ಸಂಬಳವನ್ನು ಎಷ್ಟು ಹೆಚ್ಚಿಸುತ್ತದೆ ಎಂಬಂಥ ಪ್ರಶ್ನೆಗೆ, ಓದನ್ನು ಅಲುಗಿಸುವ ಆದರೆ ಸಂಬಳವನ್ನು ನೇರವಾಗಿ ಮುಟ್ಟದ ಮೂರನೆಯದೊಂದರ ಮೂಲಕ ಉತ್ತರ ಹುಡುಕುವ ವಿಧಾನ. ಆ ಮೂರನೆಯದೇ ಇನ್‌ಸ್ಟ್ರುಮೆಂಟ್. ಇದಕ್ಕೆ ಈ ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಯಾವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಆರ್. ಫಿಕ್ಸೆಸ್ಟ್ ಪ್ಯಾಕೇಜಿನಲ್ಲಿ ಅಂದಾಜು, ಐವಿಮಾಡೆಲ್‌ನಲ್ಲಿ ಆಂಡರ್ಸನ್–ರೂಬಿನ್ ಪರೀಕ್ಷೆ (ಇನ್‌ಸ್ಟ್ರುಮೆಂಟ್ ದುರ್ಬಲವಿದ್ದಾಗಲೂ ನಂಬಬಹುದಾದದ್ದು), ಖರ್ಚು ಸೊನ್ನೆ. ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹಿಡಿದದ್ದು ಡೇವಿಡ್ ಕಾರ್ಡ್ 1995ರಲ್ಲಿ ಬಳಸಿದ ದತ್ತಾಂಶ: ಅಮೆರಿಕದ 3010 ಗಂಡಸರ ಸಂಬಳ, ಓದಿದ ವರ್ಷಗಳು, ಬೆಳೆದ ಜಾಗದ ಹತ್ತಿರ ನಾಲ್ಕು ವರ್ಷದ ಕಾಲೇಜು ಇತ್ತೋ ಇಲ್ಲವೋ ಎಂಬುದು. ಆ ಕಾಲೇಜೇ ಇನ್‌ಸ್ಟ್ರುಮೆಂಟ್. ಬರಬೇಕಾದ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಒಂದು ವರ್ಷದ ಓದಿಗೆ ಸಂಬಳದ ಲಾಗ್ ಏರುವುದು ಸಾಧಾರಣ ರಿಗ್ರೆಶನ್‌ನಲ್ಲಿ 0.075, ಐವಿಯಲ್ಲಿ 0.132, ಅದರ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದೆಂಬ ಅಳತೆ) 0.055. ಹೊಸ ಸಾಫ್ಟ್‌ವೇರ್ ಕಲಿಯುವವರು ತಮ್ಮ ದತ್ತಾಂಶಕ್ಕೆ ಕೈ ಹಾಕುವ ಮುಂಚೆ ಈ ಸಂಖ್ಯೆಗಳನ್ನು ತಂದು ತೋರಿಸಿಕೊಳ್ಳಬೇಕು.

ಎಕ್ಸೆಲ್‌ನಿಂದ ಶುರು ಮಾಡೋಣ, ಏಕೆಂದರೆ ಕಾಲೇಜಿನ ಪ್ರಾಜೆಕ್ಟುಗಳು ಹೆಚ್ಚಾಗಿ ಹಾಳಾಗುವುದು ಇಲ್ಲೇ. ವಿಧಾನ ಸರಳವಾಗಿ ಕಾಣುತ್ತದೆ. ಓದನ್ನು ಇನ್‌ಸ್ಟ್ರುಮೆಂಟ್ ಮತ್ತು ಕಂಟ್ರೋಲ್‌ಗಳ (ಅನುಭವ, ಪ್ರದೇಶದಂಥ ಇತರ ಚರಗಳ) ಮೇಲೆ ರಿಗ್ರೆಸ್ ಮಾಡಿ ಅಂದಾಜು ಓದಿನ ಕಾಲಮ್ ತೆಗೆಯುವುದು, ಆಮೇಲೆ ಸಂಬಳದ ಲಾಗನ್ನು ಆ ಕಾಲಮ್ ಮತ್ತು ಅದೇ ಕಂಟ್ರೋಲ್‌ಗಳ ಮೇಲೆ ರಿಗ್ರೆಸ್ ಮಾಡುವುದು. 0.132 ಸರಿಯಾಗಿಯೇ ಬರುತ್ತದೆ. ತಪ್ಪುವುದು ಅದರ ಪಕ್ಕದ ಸ್ಟ್ಯಾಂಡರ್ಡ್ ಎರರ್.

ಕಾರಣ ಇಷ್ಟೇ: ಎರಡನೇ ಹಂತದಲ್ಲಿ ಎಕ್ಸೆಲ್ ಉಳಿಕೆಗಳನ್ನು (ನಿಜವಾದ ಸಂಬಳಕ್ಕೂ ಸಮೀಕರಣ ಹೇಳುವ ಸಂಬಳಕ್ಕೂ ಇರುವ ವ್ಯತ್ಯಾಸಗಳನ್ನು) ಅಂದಾಜು ಓದಿನಿಂದ ಲೆಕ್ಕ ಹಾಕುತ್ತದೆ. ಬೇಕಾದದ್ದು ನಿಜವಾದ ಓದಿನಿಂದ ಬಂದ ಉಳಿಕೆ. ಹೀಗಾಗಿ ಮೊದಲ ಹಂತದ ತಪ್ಪೂ ಉಳಿಕೆಯೊಳಗೆ ಸೇರಿಕೊಳ್ಳುತ್ತದೆ. ಹಾಗೆ ಬಂದ ಸ್ಟ್ಯಾಂಡರ್ಡ್ ಎರರ್ ದೊಡ್ಡದಾಗಲೂಬಹುದು, ಸಣ್ಣದಾಗಲೂಬಹುದು. ‘ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡರೆ ಸುರಕ್ಷಿತ’ ಎನ್ನುವ ಸಮಾಧಾನಕ್ಕೆ ಜಾಗವಿಲ್ಲ.

ತಿದ್ದುವ ದಾರಿ ಇದೆ. ಎರಡನೇ ಹಂತದ ಗುಣಾಂಕಗಳನ್ನೇ ಇಟ್ಟುಕೊಂಡು, ಅಂದಾಜು ಕಾಲಮ್ಮಿನ ಜಾಗಕ್ಕೆ ಮೂಲ ಓದಿನ ಕಾಲಮ್ ಹಾಕಿ ಉಳಿಕೆ ತೆಗೆಯಿರಿ. ವರ್ಗ ಮಾಡಿ ಕೂಡಿಸಿ, ಡಿಗ್ರೀಸ್ ಆಫ್ ಫ್ರೀಡಂನಿಂದ (ಜನರ ಸಂಖ್ಯೆಯಲ್ಲಿ ಗುಣಾಂಕಗಳ ಸಂಖ್ಯೆ ಕಳೆದದ್ದು) ಭಾಗಿಸಿ, ವರ್ಗಮೂಲ ಹಾಕಿ. ಅದನ್ನು ರಿಗ್ರೆಶನ್ ಔಟ್‌ಪುಟ್‌ನ ಮೇಲಿನ ಚೌಕದಲ್ಲಿ ‘ಸ್ಟ್ಯಾಂಡರ್ಡ್ ಎರರ್’ ಎಂದು ಕಾಣುವ ಸಂಖ್ಯೆಯಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಗುಣಾಂಕದ ಸ್ಟ್ಯಾಂಡರ್ಡ್ ಎರರನ್ನು ಅದರಿಂದ ಗುಣಿಸಿದರೆ ಸರಿಯಾಯಿತು. ಆದರೆ ರೋಬಸ್ಟ್ (ಉಳಿಕೆಗಳ ವೇರಿಯನ್ಸ್ ಬೇರೆಬೇರೆ ಇದ್ದರೂ ನಿಲ್ಲುವ) ಅಥವಾ ಊರುವಾರು ಕ್ಲಸ್ಟರ್ (ಒಂದೇ ಊರಿನವರನ್ನು ಒಂದು ಗುಂಪಾಗಿ ನೋಡುವ) ಎರರ್ ಬೇಕಿದ್ದರೆ ಈ ಅನುಪಾತ ಕೆಲಸಕ್ಕೆ ಬಾರದು. ಮೊದಲ ಹಂತದಲ್ಲಿ ಒಂದೇ ಒಂದು ಕಂಟ್ರೋಲ್ ಮರೆತರೂ 0.132 ಕೂಡ ಕೆಡುತ್ತದೆ. ಇನ್ನೊಂದು: ಎಕ್ಸೆಲ್‌ನ ರಿಗ್ರೆಶನ್ ಟೂಲ್ 16 ಚರಗಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕಾರ್ಡ್ ಸಮೀಕರಣದಲ್ಲಿ ಓದೂ ಸೇರಿ 15 ಇವೆ, ಹೇಗೋ ಹಿಡಿಯುತ್ತದೆ. ತಾಲೂಕುವಾರು ಡಮ್ಮಿ (ಪ್ರತಿ ತಾಲೂಕಿಗೊಂದು 0/1 ಕಾಲಮ್) ಹಾಕಲು ಹೊರಟರೆ ಅಲ್ಲಿಗೇ ಮುಗಿಯಿತು.

ಸ್ಟಾಟಾ ನಿಜಕ್ಕೂ ಒಳ್ಳೆಯದು. ಐವಿರೆಗ್2 ಎಂಬ ಕಮಾಂಡ್ ಫಸ್ಟ್ ಸ್ಟೇಜ್ ಎಫ್ (ಇನ್‌ಸ್ಟ್ರುಮೆಂಟ್ ಎಷ್ಟು ಬಲವಾಗಿದೆ ಎಂಬ ಅಳತೆ) ಜೊತೆಗೆ, ಅದು ಎಷ್ಟಿರಬೇಕೆಂದು ಹೇಳುವ ಸ್ಟಾಕ್–ಯೋಗೋ ಕೋಷ್ಟಕವನ್ನೂ ಮುದ್ರಿಸುತ್ತದೆ. ಎಚ್ಚರ ಬೇಕಾದದ್ದು ಅಲ್ಲೇ: ಆ ಕೋಷ್ಟಕ ಎಲ್ಲ ಉಳಿಕೆಗಳ ವೇರಿಯನ್ಸ್ ಒಂದೇ ಎಂಬ ಊಹೆಯ ಮೇಲೆ ನಿಂತಿದೆ, ರೋಬಸ್ಟ್ ಎಫ್ ಜೊತೆ ಅದನ್ನು ಹೋಲಿಸುವಂತಿಲ್ಲ. ಸ್ಟಾಟಾದೊಳಗೇ ಇರುವ ಐವಿರಿಗ್ರೆಸ್ ‘ಸ್ಮಾಲ್’ ಎಂದು ಕೇಳದ ಹೊರತು ಸಣ್ಣ ಸ್ಯಾಂಪಲ್ ತಿದ್ದುಪಡಿ ಮಾಡುವುದಿಲ್ಲ. 3010 ಜನರಲ್ಲಿ ಇದು ಗೊತ್ತೇ ಆಗದು, 60 ಜನರ ಸರ್ವೆಯಲ್ಲಿ ಗೊತ್ತಾಗುತ್ತದೆ. ಕೊಣಾಜೆಯಲ್ಲೋ ಮಣಿಪಾಲದಲ್ಲೋ ಓದುವವರಿಗೆ ಲ್ಯಾಬಿನಲ್ಲಿ ಲೈಸೆನ್ಸ್ ಸಿಕ್ಕಿದರೆ ಧಾರಾಳವಾಗಿ ಬಳಸಲಿ. ಸ್ವಂತ ಕಿಸೆಯಿಂದ ಕೊಳ್ಳಬೇಕಾದರೆ ಬೇಡ.

ಪೈಥಾನ್‌ನ ಲೀನಿಯರ್‌ಮಾಡೆಲ್ಸ್ ಕಾನ್‌ಸ್ಟೆಂಟನ್ನು ತಾನಾಗಿ ಸೇರಿಸುವುದಿಲ್ಲ. ಫಾರ್ಮುಲಾದಲ್ಲಿ 1 ಬರೆಯದಿದ್ದರೆ ತಕರಾರೂ ಮಾಡದೆ ತಪ್ಪು ಉತ್ತರ ಕೊಡುತ್ತದೆ. ಕೇಳದಿದ್ದರೂ ರೋಬಸ್ಟ್ ಎರರ್ ಕೊಡುವುದರಿಂದ ಬೇರೆಯವರ ಕೋಷ್ಟಕಕ್ಕೆ ಹೊಂದದೆ ಗೊಂದಲವಾಗುತ್ತದೆ.

ಆರ್ ಏಕೆ ಗೆದ್ದಿತು? ಕಾರ್ಡ್ ದತ್ತಾಂಶದಲ್ಲಿ ಫಸ್ಟ್ ಸ್ಟೇಜ್ ಎಫ್ ಸುಮಾರು 13. ಸ್ಟೈಗರ್ ಮತ್ತು ಸ್ಟಾಕ್ 1997ರಲ್ಲಿ ಹೇಳಿದ 10ರ ಗೆರೆ ದಾಟುತ್ತದೆ, ಸ್ಟಾಕ್–ಯೋಗೋ ಅವರ 16.38 ದಾಟುವುದಿಲ್ಲ. 95% ವ್ಯಾಪ್ತಿಗೆ ಎಂದಿನ 1.96 ಸ್ಟ್ಯಾಂಡರ್ಡ್ ಎರರ್ ಲೆಕ್ಕವನ್ನೇ ನಂಬಬೇಕಾದರೆ ಎಫ್ 104.7 ಇರಬೇಕು ಎಂದು 2022ರಲ್ಲಿ ಲೀ ಮತ್ತು ಸಂಗಡಿಗರು ತೋರಿಸಿದರು. ಹಾಗಾದರೆ ಬಿಟ್ಟುಬಿಡುವುದೇ? ಬೇಡ. ಇನ್‌ಸ್ಟ್ರುಮೆಂಟ್ ಎಷ್ಟೇ ದುರ್ಬಲವಿದ್ದರೂ ಆಂಡರ್ಸನ್–ರೂಬಿನ್ ವ್ಯಾಪ್ತಿ ನಿಲ್ಲುತ್ತದೆ, ಐವಿಮಾಡೆಲ್ ಅದನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ. ಎಂದಿನ ಲೆಕ್ಕದಲ್ಲಿ 95% ವ್ಯಾಪ್ತಿ 0.024ರಿಂದ 0.239. ಆಂಡರ್ಸನ್–ರೂಬಿನ್‌ನಲ್ಲಿ 0.025ರಿಂದ 0.285. ಕೆಳತುದಿ ಅಲ್ಲಾಡಲಿಲ್ಲ, ಮೇಲ್ತುದಿ ಸಾಕಷ್ಟು ದೂರ ಹೋಯಿತು. ಪ್ರಬಂಧದಲ್ಲಿ ಬರೆಯಬೇಕಾದದ್ದು ಈ ಎರಡನೆಯದನ್ನು. ಸ್ಟಾಟಾದಲ್ಲೂ ಇದು ಸಾಧ್ಯ, ಆದರೆ ಹಳೆಯ ಆವೃತ್ತಿಗಳಲ್ಲಿ ಬೇರೆಯೇ ಕಮಾಂಡ್ ತಂದು ಹಾಕಿಕೊಳ್ಳಬೇಕು. ಫಿಕ್ಸೆಸ್ಟ್‌ನಲ್ಲಿ ಒಂದು ರೂಢಿ ಮಾಡಿಕೊಳ್ಳಿ: ಯಾವ ಎರರ್ ಬೇಕೆಂದು ಪ್ರತಿ ಸಲವೂ ನೀವೇ ಬರೆಯಿರಿ.

ಎರಡನೇ ಕಾರಣ, ನಮ್ಮೂರಿನ ದತ್ತಾಂಶ. ಕರಾವಳಿಯಲ್ಲಿ ತರಬೇತಿ ಕೇಂದ್ರದ ದೂರವನ್ನು ಇನ್‌ಸ್ಟ್ರುಮೆಂಟ್ ಮಾಡಿಕೊಳ್ಳುವವರು ಮ್ಯಾಪಿನಲ್ಲಿ ನೇರ ಗೆರೆ ಎಳೆದು ಅಳೆಯುತ್ತಾರೆ. ಮಂಗಳೂರಿನ ಬಂದರಿನಲ್ಲಿ ನಿಂತರೆ ಬೆಂಗ್ರೆ ಕಣ್ಣೆದುರೇ ಕಾಣುತ್ತದೆ. ಫೆರಿ ಇದ್ದರೆ ಕೆಲವೇ ನಿಮಿಷ, ಇಲ್ಲದಿದ್ದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ಹಂಗಾರಕಟ್ಟೆಗೂ ಕೋಡಿಬೆಂಗ್ರೆಗೂ ಇದೇ ಕಥೆ. ನೇರ ಗೆರೆ ಹಿಡಿದರೆ ಹೊಳೆಯಾಚೆಯ ಮನೆಗಳೆಲ್ಲ ‘ಹತ್ತಿರ’ ಎಂದಾಗಿ, ಅಳತೆಯ ಗದ್ದಲದಲ್ಲಿ ಎಫ್ ಕುಸಿಯುತ್ತದೆ. ದೂರದ ಬದಲು ಪ್ರಯಾಣದ ನಿಮಿಷ ಹಾಕಿ. ಪೇಟೆಗೆ ಹತ್ತಿರವಿದ್ದವರಿಗೆ ತರಬೇತಿ ಇಲ್ಲದೆಯೂ ಹೆಚ್ಚು ಕೆಲಸ ಸಿಗುವುದರಿಂದ ಪೇಟೆಯ ದೂರ ಕಂಟ್ರೋಲ್‌ನಲ್ಲಿ ಇರಲೇಬೇಕು. ಕಾರ್ಡ್ ಸಮೀಕರಣದಲ್ಲಿ ನಗರಪ್ರದೇಶದ ಡಮ್ಮಿಗಳಿರುವುದೂ ಇದಕ್ಕೇ.

ಇಂಥ ತಿದ್ದುಪಡಿ ಹತ್ತು ಸಲ ಬರುತ್ತದೆ. ಎಕ್ಸೆಲ್‌ನಲ್ಲಿ ಹತ್ತು ಸಲವೂ ಎರಡು ರಿಗ್ರೆಶನ್, ಒಂದು ಅನುಪಾತ. ಆರ್‌ನಲ್ಲಿ ಒಂದು ಕಾಲಮ್ ಬದಲಿಸಿ ಸ್ಕ್ರಿಪ್ಟನ್ನು ಮತ್ತೆ ಓಡಿಸಿದರಾಯಿತು.