ಆರು ವರ್ಷದ ಪೈಪ್ ಗ್ಯಾಸ್: ಉರಿಗೆ ಪೂರ್ತಿ ಅಂಕ, ತಪಾಸಣೆಗೆ ಅಲ್ಲ

ನಮ್ಮ ಮನೆಗೆ ಪೈಪ್ ಗ್ಯಾಸ್ ಬಂದದ್ದು 2019ರ ಶ್ರಾವಣದಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಇಬ್ಬರು ಹುಡುಗರು ಬಂದು ಒಲೆಯ ಜೆಟ್ ಬದಲಿಸಿದರು. ಮೀಟರ್ ಓಡುವುದನ್ನು ತೋರಿಸಿ, ಒಂದು ಕೈಪಿಡಿ ಮತ್ತು ಕಂಪನಿಯವರು ವರ್ಷಕ್ಕೊಮ್ಮೆ ಬಂದು ಪೈಪು ನೋಡಿ ಬರೆಯಬೇಕಾದ ತಪಾಸಣೆ ಕಾರ್ಡ್ ಕೊಟ್ಟು ಹೋದರು. ಆರು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಹೊಸದಾಗಿ ಸಂಪರ್ಕ ತೆಗೆದುಕೊಳ್ಳುವವರು ಬೆಲೆ, ಠೇವಣಿ, ಬಿಲ್ಲು ಇವನ್ನೇ ಕೇಳುತ್ತಾರೆ. ನಾನು ಹೇಳಬೇಕಾದದ್ದು ಆ ಕಾರ್ಡಿನ ವಿಷಯ.

ಕಂಪನಿಯ ಹೆಸರು ಬರೆಯುತ್ತಿಲ್ಲ, ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಪೈಪ್ ಗ್ಯಾಸಿನಲ್ಲಿ ಊರಿಗೊಂದೇ ಕಂಪನಿ, ಆದ್ದರಿಂದ ಊರು ಹೇಳಿದರೆ ಹೆಸರು ಹೇಳಿದ ಹಾಗೆಯೇ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ದೇಶವನ್ನು ಪ್ರದೇಶಗಳಾಗಿ ಹಂಚಿ, ಒಂದೊಂದನ್ನು ಒಂದೊಂದು ಕಂಪನಿಗೆ ವಹಿಸಿದೆ. ಸಿಲಿಂಡರ್ ಏಜೆನ್ಸಿ ಸರಿಯಿಲ್ಲ ಅಂದರೆ ಪಕ್ಕದ ಏಜೆನ್ಸಿಗೆ ಹೋಗಬಹುದು. ಗೋಡೆಯೊಳಗೆ ಬಂದ ಪೈಪನ್ನು ಹಾಗೆ ಬದಲಿಸಲಾಗದು. ಕಂಪನಿ ತನ್ನ ಕೆಲಸ ಸರಿಯಾಗಿ ಮಾಡದಿದ್ದರೆ ಗ್ರಾಹಕ ನ್ಯಾಯಾಲಯ ಬಿಟ್ಟರೆ ನಮಗಿರುವ ದಾರಿ ಮಂಡಳಿಯೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಅದು ನಿಜವಾಗಿಯೂ ಬಹಳ ಇದೆ. ಹಬ್ಬದ ದಿನ ಹೋಳಿಗೆ ಬೇಯುವಾಗ ಸಿಲಿಂಡರ್ ಖಾಲಿಯಾಗುವ ಭಯ ಹೋಯಿತು. ನನ್ನ ಹೆಂಡತಿಗೆ ಬೆನ್ನುನೋವು, ಹದಿನಾಲ್ಕು ಕೆಜಿ ಗ್ಯಾಸಿನ ಜೊತೆ ಅಷ್ಟೇ ಭಾರದ ಕಬ್ಬಿಣವನ್ನು ಎಳೆದಾಡುವುದು ತಪ್ಪಿತು. ಆರು ವರ್ಷದಲ್ಲಿ ಗ್ಯಾಸ್ ನಿಂತದ್ದು ಎರಡೇ ಸಲ, ಎರಡೂ ಸಲ ಮೊದಲೇ ಸಂದೇಶ ಬಂದಿತ್ತು. ಉರಿ ಸಣ್ಣದೆಂದು ಕೆಲವರು ದೂರುತ್ತಾರೆ. ಸಿಲಿಂಡರ್ ಒಲೆಗೆ 30 ಮಿಲಿಬಾರ್ ಒತ್ತಡ ಬೇಕು, ಪೈಪ್ ಗ್ಯಾಸ್ ಬರುವುದು 21 ಮಿಲಿಬಾರಿನಲ್ಲಿ, ಜೊತೆಗೆ ಅಷ್ಟೇ ಗಾತ್ರದ ಗ್ಯಾಸಿನಲ್ಲಿ ಶಾಖವೂ ಕಡಿಮೆ. ಹಾಗಾಗಿಯೇ ಜೆಟ್ಟಿನ ರಂಧ್ರ ದೊಡ್ಡದಾಗಬೇಕು. ಅದನ್ನು ಸರಿಯಾಗಿ ಮಾಡಿಸಿಕೊಂಡರೆ ಉರಿ ನೀಲಿಯಾಗಿ, ಗಟ್ಟಿಯಾಗಿ ಬರುತ್ತದೆ. ಪೈಪ್ ಗ್ಯಾಸಿನಲ್ಲಿ ಹೆಚ್ಚಿನ ಪಾಲು ಮಿಥೇನ್, ಅದು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ, ಸಿಲಿಂಡರ್ ಗ್ಯಾಸಿನಂತೆ ನೆಲದ ಮೇಲೆ ಹರಡಿ ಕೂರುವುದಿಲ್ಲ. ಅಡುಗೆಮನೆಯ ಮೇಲಿನ ಗವಾಕ್ಷಿ ತೆರೆದಿರಲಿ ಎನ್ನುವುದು ಈ ಕಾರಣಕ್ಕೆ. ನಮ್ಮ ಬೀದಿಯಲ್ಲಿ ಮೂರು ಮನೆಯವರು ಅದನ್ನು ಗಾಜು ಹಾಕಿ ಮುಚ್ಚಿಬಿಟ್ಟಿದ್ದಾರೆ, ಎಷ್ಟು ಹೇಳಿದರೂ ತೆಗೆದಿಲ್ಲ.

ನಾನು ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಇದ್ದವನು. ಒತ್ತಡದಲ್ಲಿರುವ ಯಾವ ಪೈಪನ್ನು ಕಂಡರೂ ಒಮ್ಮೆ ಕೈಯಾಡಿಸಿ ನೋಡುವ ಅಭ್ಯಾಸ. 2022ರ ಮಳೆಗಾಲದಲ್ಲಿ ಹಿತ್ತಲ ಗೋಡೆಯ ಮೇಲಿನ ಜಿಐ ಪೈಪ್ ಹಾಗೆಯೇ ಕಣ್ಣಿಗೆ ಬಿತ್ತು. ಸಜ್ಜೆಯಿಂದ ನೀರು ತೊಟ್ಟಿಕ್ಕುವ ಜಾಗದಲ್ಲಿ, ಕ್ಲಾಂಪಿನ ಕೆಳಗೆ, ಹಳದಿ ಬಣ್ಣ ಎದ್ದು ತುಕ್ಕು ಹಿಡಿದಿತ್ತು. ಅದಕ್ಕೂ ಮೊದಲು ಬೆಳಿಗ್ಗೆ ಕಿಟಕಿ ತೆಗೆಯುವಾಗ ಒಂದು ಕ್ಷಣ ಕೊಳೆತ ವಾಸನೆ ಬರುತ್ತಿತ್ತು, ಚರಂಡಿಯದೇ ಇರಬೇಕು ಅಂದುಕೊಂಡಿದ್ದೆವು. ಸೋಪು ನೀರು ಬಳಿದೆ. ತುಕ್ಕಿನ ಜಾಗ ಸುಮ್ಮನಿತ್ತು. ಅದರ ಒಂದು ಗೇಣು ಮೇಲೆ, ಪೈಪು ತಿರುಗುವಲ್ಲಿ ತಿರುಪು ಹಾಕಿ ಕೂರಿಸಿದ ಎಲ್ಬೋ ಜೋಡಣೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು.

ಆ ವಾಸನೆಯ ಬಗ್ಗೆ ಒಂದು ಮಾತು. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಮರ್ಕ್ಯಾಪ್ಟನ್ ಜಾತಿಯ ರಾಸಾಯನಿಕವನ್ನು ಬೆರೆಸಿ ಕಳಿಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ಶಾಲೆಯ ನೆಲದಡಿ ಸೇರಿಕೊಂಡ ಗ್ಯಾಸಿನ ಸುಳಿವು ಯಾರಿಗೂ ಸಿಗಲಿಲ್ಲ, ಸ್ಫೋಟದಲ್ಲಿ ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ವಾಸನೆ ಬೆರೆಸುವ ಕಾನೂನು ಬಂದದ್ದು ಆ ಮಕ್ಕಳ ಸಾವಿನಿಂದ. ಮಿಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟಿದ್ದಾಗ ಹೊತ್ತಿಕೊಳ್ಳುತ್ತದೆ. ಅದರ ಐದನೇ ಒಂದು ಪಾಲು, ಅಂದರೆ ಶೇ 1 ಆಗುವಷ್ಟರಲ್ಲೇ ಸಾಮಾನ್ಯರ ಮೂಗಿಗೆ ತಿಳಿಯಬೇಕು ಎಂಬುದು ಲೆಕ್ಕ. ಹಾಗಾಗಿ ವಾಸನೆ ಬಂದರೆ ಚರಂಡಿ ಎಂದುಕೊಂಡು ಬಿಡಬೇಡಿ. ನಾವು ಬಿಟ್ಟದ್ದು ತಪ್ಪು.

ತುರ್ತು ಸಂಖ್ಯೆಗೆ ಫೋನ್ ಮಾಡಿದ ನಲವತ್ತು ನಿಮಿಷಕ್ಕೆ ಹುಡುಗ ಬಂದ. ವಾಲ್ವ್ ಮುಚ್ಚಿ, ಜೋಡಣೆ ಬಿಚ್ಚಿ, ಹೊಸದಾಗಿ ಸೀಲ್ ಮಾಡಿ, ಒತ್ತಡ ಹಿಡಿಯುತ್ತದೆಯೇ ಎಂದು ನೋಡಿ, ನನ್ನ ಕೈಯಲ್ಲೇ ಸೋಪು ನೀರು ಬಳಿಸಿ ತೋರಿಸಿದ. ಅವನ ಕೆಲಸಕ್ಕೆ ನಾನು ಯಾವ ಕೊರತೆಯನ್ನೂ ಹೇಳಲಾರೆ. ಹೋಗುವ ಮುಂಚೆ ಕಾರ್ಡ್ ಕೇಳಿದ. ಬೀರುವಿನಿಂದ ತಂದು ಕೊಟ್ಟೆ, ಖಾಲಿ ಇತ್ತು. ತನ್ನ ಮೊಬೈಲಿನಲ್ಲಿ ನೋಡಿ ಅವನೇ ಹೇಳಿದ: "ಇದರಲ್ಲಿ ಎರಡು ವರ್ಷವೂ ತಪಾಸಣೆ ಆಗಿದೆ ಅಂತ ಇದೆಯಲ್ಲ ಸಾರ್."

2020 ಮತ್ತು 2021. ಎರಡೂ ವರ್ಷ ನಮ್ಮ ಮನೆ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಕೊರೊನಾ ಕಾಲ, ಬರಲಾಗಲಿಲ್ಲ ಎಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಬಾರದೆ ಇದ್ದುದನ್ನು ಬಂದೆವು ಎಂದು ಬರೆದಿದ್ದರು, ಗ್ರಾಹಕರ ಸಹಿ ಎಂಬಲ್ಲಿ ಒಂದು ಗೀಟು ಇತ್ತು.

ಇದು ನನ್ನನ್ನು ಯಾಕೆ ಇಷ್ಟು ಕಾಡಿತು ಅಂದರೆ, ನಾನು ಬೆಳೆದ ಪದ್ಧತಿಯೇ ಬೇರೆ. ಆಗ ಜಾರಿಯಲ್ಲಿದ್ದ 1923ರ ಬಾಯ್ಲರ್ ಕಾಯ್ದೆಯ ಪ್ರಕಾರ ಬಾಯ್ಲರಿಗೆ ಸಿಗುತ್ತಿದ್ದ ಪ್ರಮಾಣಪತ್ರ ಹೆಚ್ಚೆಂದರೆ ಹನ್ನೆರಡು ತಿಂಗಳದ್ದು. ಅದು ಮುಗಿದರೆ ಬೆಂಕಿ ಹಾಕುವ ಹಾಗಿರಲಿಲ್ಲ, ಕಬ್ಬಿನ ಗಾಡಿಗಳು ಗೇಟಿನ ಹೊರಗೆ ಒಂದು ಮೈಲಿ ನಿಂತಿದ್ದರೂ ಇಲ್ಲ. ಇನ್‌ಸ್ಪೆಕ್ಟರ್ ಬಂದರೆ ಕೋಟು ಕಳಚಿ, ಟಾರ್ಚ್ ಹಿಡಿದು ಡ್ರಮ್ಮಿನೊಳಗೆ ತೂರುತ್ತಿದ್ದರು. ಟ್ಯೂಬುಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಸೇಫ್ಟಿ ವಾಲ್ವ್ ಎಷ್ಟು ಒತ್ತಡಕ್ಕೆ ಹಾರುತ್ತದೆ ಎಂದು ಕಣ್ಣಾರೆ ನೋಡಿ ಆಮೇಲೆ ಸಹಿ. ತಪಾಸಕ ಕಂಪನಿಯವನಲ್ಲ, ಸರ್ಕಾರದವನು. ನಮ್ಮ ಮ್ಯಾನೇಜರಿಗೂ ಅವರೆದುರು ಸ್ವರ ಏರುತ್ತಿರಲಿಲ್ಲ.

ಪೈಪ್ ಗ್ಯಾಸಿಗೂ ನಿಯಮಗಳು ಕಡಿಮೆಯೇನಿಲ್ಲ. ಮಂಡಳಿ ಹುಟ್ಟಿದ್ದು 2006ರ ಕಾಯ್ದೆಯಿಂದ. ಊರೊಳಗಿನ ಜಾಲಕ್ಕೆ ತಾಂತ್ರಿಕ ಮತ್ತು ಸುರಕ್ಷತಾ ಮಾನದಂಡಗಳು 2008ರಲ್ಲಿ, ಸೇವೆಯ ಗುಣಮಟ್ಟದ ಸಂಹಿತೆ 2010ರಲ್ಲಿ, ಕೊಳವೆಗಳ ಆರೋಗ್ಯ ಕಾಯುವ ವ್ಯವಸ್ಥೆಯ ನಿಯಮ 2013ರಲ್ಲಿ ಬಂದವು. ಉಕ್ಕಿನ ಮುಖ್ಯ ಕೊಳವೆ ಮಣ್ಣಿನಲ್ಲಿ ತುಕ್ಕು ಹಿಡಿಯದಂತೆ ಅದಕ್ಕೆ ಸಣ್ಣ ವಿದ್ಯುತ್ ಹರಿಸುತ್ತಾರೆ. ಮಣ್ಣಿಗೂ ಕೊಳವೆಗೂ ನಡುವಿನ ವೋಲ್ಟೇಜ್ ಮೈನಸ್ 0.85ರಷ್ಟಾದರೂ ಇದೆಯೇ ಎಂದು ರಸ್ತೆ ಬದಿಯ ಪೆಟ್ಟಿಗೆಗಳಲ್ಲಿ ಅಳೆಯುತ್ತಿರಬೇಕು. ಬೀದಿಯ ಹಳದಿ ಪಾಲಿಥೀನ್ ಪೈಪಿಗೆ ತುಕ್ಕಿಲ್ಲ, ಅದರ ಶತ್ರು ಹಾರೆ ಮತ್ತು ಜೆಸಿಬಿ. ಅಲ್ಲಿ 4 ಬಾರ್ ಒತ್ತಡ, ಗೋಡೆಯ ರೆಗ್ಯುಲೇಟರ್ ದಾಟಿದ ಮೇಲೆ 100 ಮಿಲಿಬಾರ್, ಮೀಟರಿನ ರೆಗ್ಯುಲೇಟರ್ ದಾಟಿದ ಮೇಲೆ 21. ಈ ಒಂದೊಂದು ಮೆಟ್ಟಿಲಿಗೂ ಆಗಾಗ ಯಾರೋ ಒಬ್ಬರು ಹೋಗಿ ನೋಡಬೇಕು. ನಾವು ತಿಂಗಳು ತಿಂಗಳು ಕಟ್ಟುವ ದುಡ್ಡಿನಲ್ಲಿ ಗ್ಯಾಸಿನಷ್ಟೇ ಆ ನೋಡುವಿಕೆಯೂ ಸೇರಿದೆ. ಗ್ಯಾಸನ್ನು ಮೀಟರ್ ಅಳೆಯುತ್ತದೆ, ನೋಡುವಿಕೆಯನ್ನು ಅಳೆಯಲು ಆ ಕಾರ್ಡ್ ಬಿಟ್ಟು ನಮಗೆ ಬೇರೆ ಏನೂ ಇಲ್ಲ.

ಸುಳ್ಳು ದಾಖಲೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋ ನನಗೆ ಮರೆಯದ ಉದಾಹರಣೆ. 2010ರ ಸೆಪ್ಟೆಂಬರ್ 9ರ ಸಂಜೆ, 1956ರಲ್ಲಿ ಹೂತಿದ್ದ 30 ಇಂಚಿನ ಕೊಳವೆ ಅಲ್ಲಿನ ಮನೆಗಳ ನಡುವೆ ಸಿಡಿಯಿತು. ಎಂಟು ಜನ ಸತ್ತರು, 38 ಮನೆಗಳು ನಾಶವಾದವು. ಗ್ಯಾಸ್ ನಿಲ್ಲಿಸಲು 95 ನಿಮಿಷ ಹಿಡಿಯಿತು. ಅಲ್ಲಿನ ಗ್ಯಾಸ್ ಕಂಪನಿ ಪಿಜಿ ಅಂಡ್ ಇ ದಾಖಲೆಯಲ್ಲಿ ಆ ಜಾಗದ ಕೊಳವೆಗೆ ಉದ್ದದ ಬೆಸುಗೆಯೇ ಇಲ್ಲ ಎಂದಿತ್ತು. ತುಂಡನ್ನು ಮೇಲೆತ್ತಿ ನೋಡಿದರೆ ಬೆಸುಗೆ ಇತ್ತು, ಅದೂ ಒಳಗಡೆ ಹಾಕದೆ ಬಿಟ್ಟ ಅರೆಬರೆ ಬೆಸುಗೆ. ಇಲ್ಲದ ಬೆಸುಗೆಯನ್ನು ಯಾರು ಪರೀಕ್ಷಿಸುತ್ತಾರೆ? ತನಿಖಾ ಮಂಡಳಿ ಕಂಪನಿಯನ್ನಷ್ಟೇ ದೂರಲಿಲ್ಲ, ಈ ಲೋಪವನ್ನು ಕಂಡುಹಿಡಿಯದ ರಾಜ್ಯದ ನಿಯಂತ್ರಣ ಆಯೋಗದ ಹೆಸರನ್ನೂ ಬರೆಯಿತು. ಅದೇ ಆಯೋಗ 2015ರಲ್ಲಿ ಕಂಪನಿಗೆ 160 ಕೋಟಿ ಡಾಲರ್ ದಂಡ ಹಾಕಿತು. ಮರುವರ್ಷ ನ್ಯಾಯಾಲಯದಲ್ಲಿ ಕೊಳವೆ ಸುರಕ್ಷತೆಯ ಐದು ಉಲ್ಲಂಘನೆ ಮತ್ತು ತನಿಖೆಗೆ ಅಡ್ಡಿ ಮಾಡಿದ ಒಂದು ಆರೋಪ ಸಾಬೀತಾಯಿತು.

ನಮ್ಮ ಪಕ್ಕದ ಆಂಧ್ರದಲ್ಲಿ, ಕೋನಸೀಮೆಯ ನಗರಂ ಎಂಬ ಹಳ್ಳಿಯಲ್ಲಿ, 2014ರ ಜೂನ್ 27ರ ನಸುಕಿನಲ್ಲಿ 18 ಇಂಚಿನ ಕೊಳವೆ ಸೋರಿ ಹೊತ್ತಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣ ಗ್ಯಾಸಿಗೆಂದು ಹಾಕಿದ ಕೊಳವೆಯಲ್ಲಿ ನೀರಿನಂಶದ ಗ್ಯಾಸ್ ಹರಿದು ಒಳಗಿನಿಂದಲೇ ತುಕ್ಕು ತಿಂದಿತ್ತು. ಹಿಂದೆಯೂ ಸೋರಿಕೆಯಾಗಿ ದೂರಿದ್ದೆವು ಎಂದು ಊರಿನವರು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ ನೆನಪು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ನಾನು ಸುಮ್ಮನಿರಲಿಲ್ಲ. ಗ್ರಾಹಕ ಸೇವೆಗೆ ದೂರು ಕೊಟ್ಟೆ: ನಮ್ಮ ಮನೆಯ 2020 ಮತ್ತು 2021ರ ತಪಾಸಣೆ ವರದಿಯ ಪ್ರತಿ ಕೊಡಿ. ನಾಲ್ಕನೇ ದಿನ "ನಿಮ್ಮ ಸೋರಿಕೆ ಸರಿಪಡಿಸಲಾಗಿದೆ, ದೂರು ಮುಕ್ತಾಯ" ಎಂದು ಸಂದೇಶ ಬಂತು. ನಾನು ಕೇಳಿದ್ದು ಅದಲ್ಲ ಎಂದು ಮತ್ತೆ ಬರೆದೆ, ಮತ್ತೆ ಮುಕ್ತಾಯ. ಬಿಲ್ಲಿನ ಹಿಂದೆ ನೋಡಲ್ ಅಧಿಕಾರಿಯ ವಿಳಾಸವಿತ್ತು, ಅಲ್ಲಿಗೆ ಬರೆದರೆ ಒಂದು ತಿಂಗಳು ಉತ್ತರವಿಲ್ಲ. ಕೊನೆಗೆ ಎಲ್ಲ ಕಾಗದ ಜೋಡಿಸಿ, ಕಾರ್ಡಿನ ಫೋಟೊ ಹಚ್ಚಿ, ದೆಹಲಿಯ ಮಂಡಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಪ್ರತಿಯನ್ನು ಕಂಪನಿಗೂ ಹಾಕಿದೆ. 2006ರ ಕಾಯ್ದೆಯ 28ನೇ ಕಲಂ ಪ್ರಕಾರ ಮಂಡಳಿ ಒಂದೊಂದು ಉಲ್ಲಂಘನೆಗೆ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಉಲ್ಲಂಘನೆ ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ. ಪತ್ರದಲ್ಲಿ ಆ ಕಲಮನ್ನು ಬರೆದೆ.

ಹದಿನಾರನೇ ದಿನ ಕಂಪನಿಯ ತಂಡ ಬಂತು. ಈ ಸಲ ಕೈಯಲ್ಲಿ ಗ್ಯಾಸ್ ಪತ್ತೆ ಮಾಡುವ ಯಂತ್ರವಿತ್ತು. ನಮ್ಮ ಮನೆಯೊಂದನ್ನೇ ಅಲ್ಲ, ಬೀದಿಯ ಹದಿನೆಂಟು ಮನೆಗಳನ್ನೂ ನೋಡಿದರು. ಎರಡು ಮನೆಯಲ್ಲಿ ಜೋಡಣೆ ಸೋರುತ್ತಿತ್ತು, ಐದು ಮನೆಯ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು. ಎಲ್ಲ ಬದಲಿಸಿದರು. ಹದಿನೆಂಟರಲ್ಲಿ ಹನ್ನೆರಡು ಮನೆಯವರು ತಮ್ಮ ಮನೆಗೆ ಮೊದಲ ತಪಾಸಣೆ ಅದೇ ಎಂದರು. ವರದಿಯ ಪ್ರತಿ ಮಾತ್ರ ಇವತ್ತಿನವರೆಗೆ ನನ್ನ ಕೈಗೆ ಬಂದಿಲ್ಲ. ಮಂಡಳಿಯಿಂದ ಬಂದದ್ದು ಒಂದೇ ಕಾಗದ, ದೂರನ್ನು ಕಂಪನಿಗೆ ಕಳಿಸಿದ್ದೇವೆ ಎಂದು. ಕಚೇರಿ ದೆಹಲಿಯಲ್ಲಿ, ಪೈಪು ನಮ್ಮ ಹಿತ್ತಲಲ್ಲಿ. ಕಂಪನಿಯ ಕೆಲಸವನ್ನು ಪರಿಶೀಲಿಸಲು ಹೊರಗಿನ ಸಂಸ್ಥೆಗಳು ಇವೆ, ಆದರೆ ಬಳಕೆದಾರನ ಸಹಿ ನಿಜವೇ ಎಂದು ಒಂದು ಮನೆಗಾದರೂ ಫೋನ್ ಮಾಡಿ ಕೇಳಿದ್ದರೆ ಈ ಗೀಟು ಅಂದೇ ಸಿಕ್ಕಿಬೀಳುತ್ತಿತ್ತು.

2023ರಲ್ಲಿ ಇನ್ನೊಂದು ಘಟನೆ. ಒಳಚರಂಡಿ ಕೆಲಸಕ್ಕೆ ಬಂದ ಜೆಸಿಬಿ ನಮ್ಮ ತಿರುವಿನಲ್ಲಿ ಅಗೆಯಲು ಶುರು ಮಾಡಿತು. ಅಲ್ಲಿದ್ದ ಗ್ಯಾಸ್ ಗುರುತಿನ ಕಲ್ಲು ಹೊಸ ಕಾಂಕ್ರೀಟಿನಡಿ ಮುಚ್ಚಿಹೋಗಿತ್ತು. ನಾನು ಓಡಿಹೋಗಿ ನಿಲ್ಲಿಸಿದೆ. ಅಷ್ಟರಲ್ಲಿ ಹಳದಿ ಎಚ್ಚರಿಕೆ ಹಾಳೆ ಹರಿದು ಮೇಲೆ ಬಂದಿತ್ತು, ಪೈಪು ಅದರ ಕೆಳಗೇ. ಗುತ್ತಿಗೆದಾರನಿಗೆ ಯಾರೂ ನಕ್ಷೆ ಕೊಟ್ಟಿರಲಿಲ್ಲ. ಅಗೆಯುವ ಮುಂಚೆ ತಿಳಿಸಲೆಂದೇ ಕೇಂದ್ರ ಸರ್ಕಾರ ಆ ವರ್ಷದ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತ್ತು, ಅದೇ ತಿಂಗಳು ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಲ್ಲಿ ನೀರಿನ ಕೆಲಸಕ್ಕೆ ಅಗೆಯುವಾಗ ಗ್ಯಾಸ್ ಪೈಪ್ ಒಡೆದು, ಮನೆಯೊಳಗೆ ಸ್ಫೋಟವಾಗಿ ಜನ ಗಾಯಗೊಂಡಿದ್ದರು. ಗುತ್ತಿಗೆದಾರ ಆ ಆ್ಯಪಿನ ಹೆಸರನ್ನೇ ಕೇಳಿರಲಿಲ್ಲ. ಕಂಪನಿಯ ಗಸ್ತಿನವರು ಅರ್ಧ ಗಂಟೆಯಲ್ಲಿ ಬಂದರು, ಮರುದಿನ ಹೊಸ ಗುರುತು ನೆಟ್ಟರು.

ನನ್ನ ಅಂಕ ಹೀಗೆ: ಪೂರೈಕೆಗೆ ಐದಕ್ಕೆ ಐದು, ತುರ್ತು ಸೇವೆಗೆ ನಾಲ್ಕೂವರೆ, ವಾರ್ಷಿಕ ತಪಾಸಣೆಗೆ ಎರಡು. ಆ ಎರಡು ಅಂಕವೂ 2022ರ ನಂತರದ ತಪಾಸಣೆಗಳಿಗೆ. ಸಂಪರ್ಕ ತೆಗೆದುಕೊಳ್ಳಿ, ಸಿಲಿಂಡರಿಗೆ ಮರಳುವ ಯೋಚನೆ ನಮಗಿಲ್ಲ. ಕಾರ್ಡನ್ನು ಮಾತ್ರ ಬೀರುವಿನಲ್ಲಿ ಇಡಬೇಡಿ, ಮೀಟರಿನ ಪಕ್ಕ ನೇತುಹಾಕಿ. ತಪಾಸಣೆಗೆ ಬಂದವರು ಸೋಪು ನೀರನ್ನೋ ಯಂತ್ರವನ್ನೋ ಹೊರತೆಗೆಯದೆ ಸಹಿ ಕೇಳಿದರೆ ಹಾಕಬೇಡಿ. ಸಹಿ ಹಾಕಿದ ಮೇಲೆ ಕಾರ್ಡಿನ ಮತ್ತು ಅವರ ಮೊಬೈಲಿನಲ್ಲಿ ದಾಖಲಾದದ್ದರ ಫೋಟೊ ತೆಗೆದುಕೊಳ್ಳಿ. ನಮ್ಮ ಬೀದಿಯ ಹದಿನೆಂಟು ಮನೆಯ ಕಾರ್ಡುಗಳ ಫೋಟೊ ಈಗ ಒಂದೇ ಕಡೆ ಇದೆ, ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ತಾಳೆ ನೋಡುತ್ತೇವೆ. ಕಳೆದ ಸಲ ಹದಿನೇಳು ಸರಿಯಿದ್ದವು. ಉಳಿದ ಒಂದು ಮನೆಗೆ ಬೀಗ ಹಾಕಿತ್ತು, ಕಂಪನಿಯ ದಾಖಲೆಯಲ್ಲೂ ಈ ಬಾರಿ "ಬೀಗ ಹಾಕಿದೆ" ಎಂದೇ ಇತ್ತು.