ಪುತ್ತೂರಿನ ಬಿಂದು ಜೀರಾ: ಕುಡಿದರೆ ತಣ್ಣಗೇ ಕುಡಿಯಬೇಕು

ಬಿಂದು ಶುರುವಾಗಿದ್ದು ಜೀರಾದಿಂದಲ್ಲ, 2000ರಲ್ಲಿ ಬಾಟಲಿ ನೀರಿನಿಂದ. ಪುತ್ತೂರಿನಲ್ಲಿ ಆಟೋ ಓಡಿಸಿ, ಆಮೇಲೆ ವಾಹನಗಳ ಬಿಡಿಭಾಗದ ಅಂಗಡಿ ನಡೆಸಿದ ಸತ್ಯಶಂಕರ್ ಅವರು ಕಟ್ಟಿದ ಕಂಪನಿ ಇದು. ಜೀರಾ ಮಸಾಲಾ ಸೋಡಾ ಬಂದದ್ದು 2002ರಲ್ಲಿ. ನೀರು ಯಾರು ಬೇಕಾದರೂ ಮಾರಬಹುದು. ಊಟದ ಮೇಲೆ ಜೀರಿಗೆ ನೀರು ಕುಡಿಯುವ ಕರಾವಳಿಯ ನಾಲಿಗೆಗೆ ಈ ರುಚಿ ಮೊದಲೇ ಗೊತ್ತಿತ್ತು. ಬ್ರ್ಯಾಂಡ್ ಬೆಳೆದದ್ದು ಅದರಿಂದಲೇ ಎನ್ನಬೇಕು.

ಮುಚ್ಚಳ ತಿರುಗಿಸಿದ ಕೂಡಲೇ ಹುರಿದ ಜೀರಿಗೆಯ ಘಮ ಮೂಗಿಗೆ ಬಡಿಯುತ್ತದೆ. ಮೊದಲು ಸಿಹಿ, ಹಿಂದೆಯೇ ಉಪ್ಪು, ಕೊನೆಗೆ ಗಂಟಲಲ್ಲಿ ಸಣ್ಣ ಖಾರ. ಬಿರಿಯಾನಿ, ಕೋರಿ ರೊಟ್ಟಿಯಂಥ ಊಟಕ್ಕೆ ಕೋಲಾಗಿಂತ ಇದೇ ಸರಿ. ಸಕ್ಕರೆ ಮಾತ್ರ ಸ್ವಲ್ಪ ಜಾಸ್ತಿಯೇ. ಮಧುಮೇಹ ಇರುವವರು ಲೇಬಲ್ ಓದಿಯೇ ಕೊಳ್ಳಲಿ.

ಕೆಡುವುದು ಎಲ್ಲಿ? ಬಿಸಿಲಿಗೆ ಜೋಡಿಸಿಟ್ಟ ಬಾಟಲಿಯಲ್ಲಿ. ದ್ರವ ಬಿಸಿಯಾದಷ್ಟೂ ಗ್ಯಾಸ್ ಅದರಲ್ಲಿ ನಿಲ್ಲುವುದಿಲ್ಲ. ತೆರೆದಾಗ ಉಕ್ಕಿ, ಉಳಿಯುವುದು ಸಪ್ಪೆ ಪಾನಕ. ಕೊಳ್ಳುವಾಗ ಬಾಟಲಿಯನ್ನು ಒತ್ತಿ ನೋಡಿ, ಗಟ್ಟಿಯಾಗಿರಬೇಕು. ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಐಸ್ ಬೇಡ, ಐಸ್ ಹಾಕಿದರೆ ಮಸಾಲೆ ನೀರಾಗುತ್ತದೆ. ನಿಂಬೆ ಬೇಕಿದ್ದರೆ ಅರ್ಧ ಹೋಳನ್ನು ಮೊದಲೇ ಲೋಟಕ್ಕೆ ಹಿಂಡಿ, ಲೋಟ ಓರೆ ಹಿಡಿದು ಜೀರಾ ಸುರಿಯಿರಿ. ಮೇಲಿಂದ ಉಪ್ಪು ಉದುರಿಸಿದರೆ ನೊರೆಯೆದ್ದು ಗ್ಯಾಸೆಲ್ಲ ಹೋಗುತ್ತದೆ. ದೊಡ್ಡ ಬಾಟಲಿ ತೆರೆದರೆ ಅದೇ ದಿನ ಮುಗಿಸಿ.