ಹೆದರುವ ನಾಯಿಗಳಿಗೆ ನೆರವಾಗುವ ಕೆಲಸ: ಟ್ರೈನರ್ ಆಗೋದಾ, ಪಶುವೈದ್ಯರಾಗೋದಾ?

ಪಶುವೈದ್ಯ ಪದವಿಗೆ ಇಂಟರ್ನ್‌ಶಿಪ್ ಸೇರಿ 5.5 ವರ್ಷ ಬೇಕು. ಹೆಬ್ಬಾಳ, ಬೀದರ್‌ನಲ್ಲಿ ಕಾಲೇಜುಗಳಿವೆ. ಆದರೆ ಅಲ್ಲಿ ಹಸು, ಎಮ್ಮೆ, ಕುರಿ, ಕೋಳಿಯ ಪಾಠವೇ ಜಾಸ್ತಿ, ನಾಯಿಯ ಭಯದ ಬಗ್ಗೆ ಆಮೇಲೆ ನೀವೇ ಹುಡುಕಿ ಕಲಿಯಬೇಕು.

ಟ್ರೈನರ್ ಆಗಲು ಪದವಿ ಬೇಡ. ಸಿಪಿಡಿಟಿ-ಕೆಎ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಬರೆಯಬೇಕಾದರೆ ಮಾತ್ರ ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 300 ಗಂಟೆ ತರಬೇತಿ ಕೊಟ್ಟ ಅನುಭವ ಇರಬೇಕು. ಇಲ್ಲಿ ತಾಳ್ಮೆಯೇ ಬಂಡವಾಳ. ಪಟಾಕಿಗೆ ಹೆದರಿ ಮಂಚದಡಿ ನುಗ್ಗುವ ನಾಯಿಗೆ ಅದೇ ಶಬ್ದವನ್ನು ಮೊಬೈಲಿನಲ್ಲಿ ತೀರಾ ಸಣ್ಣಗೆ ಕೇಳಿಸಿ, ಪ್ರತಿ ಸಲವೂ ಒಂದು ಚೂರು ಕೋಳಿ ಮಾಂಸ ಕೊಟ್ಟು, ಅದು ಆರಾಮಾಗಿದ್ದರೆ ಮಾತ್ರ ಸ್ವಲ್ಪ ಜೋರು ಮಾಡುತ್ತಾ ವಾರಗಟ್ಟಲೆ ಹೋಗಬೇಕು. ಹೊಡೆದು, ಕುತ್ತಿಗೆ ಜಗ್ಗಿ ಕಲಿಸುವವರ ಹತ್ತಿರ ದಯವಿಟ್ಟು ಸೇರಬೇಡಿ, ಭಯ ಹೆಚ್ಚುತ್ತದೆ ಅಷ್ಟೇ.

ಇದ್ದಕ್ಕಿದ್ದಂತೆ ಹೆದರಲು ಶುರು ಮಾಡಿದ ನಾಯಿಗೆ ಎಲ್ಲೋ ನೋವಿರಬಹುದು. ಅದನ್ನು ಪತ್ತೆ ಹಚ್ಚುವುದು, ಆತಂಕಕ್ಕೆ ಮಾತ್ರೆ ಬರೆಯುವುದು ವೈದ್ಯರ ಕೆಲಸ, ಟ್ರೈನರ್‌ಗೆ ಆಗದು.

ಪಿಯುಸಿ ವಿಜ್ಞಾನದಲ್ಲಿದ್ದರೆ, ಮನೆಯಲ್ಲಿ ಅನುಕೂಲವಿದ್ದರೆ ವೈದ್ಯರಾಗಿ. ಈಗಾಗಲೇ ಬೇರೆ ಕೆಲಸದಲ್ಲಿದ್ದೀರಾ? ಟ್ರೈನಿಂಗ್ ದಾರಿಯೇ ಸರಿ. ಫೀಸು ಕಟ್ಟುವ ಮೊದಲು ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ಆಶ್ರಯಗಳಲ್ಲಿ ಸ್ವಯಂಸೇವಕರಾಗಲು ಅವಕಾಶ ಇದೆಯಾ ಅಂತ ಕೇಳಿ ನೋಡಿ.